ಗಣಿಯೂರಿನ ಎದೆಗೂಡು ಮತ್ತು ನಿಕೋಟಿನ್ನಿಲ್ಲದ ಆವಿ

ಮಾರಿಕುಪ್ಪದಿಂದ ಹೊರಟು, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಜನರನ್ನು ತುಂಬಿಕೊಂಡು, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರನ್ನು ಸೇರುವ ಮುಂಜಾನೆಯ ರೈಲಿಗಾಗಿ ಕಾಯುವವರಲ್ಲಿ, ಚಹದ ಲೋಟದೊಡನೆ ಬಿಡಿ ಸಿಗರೇಟೊಂದನ್ನು ಹೊತ್ತಿಸಿಕೊಳ್ಳುವ ಪರಿಪಾಠ ಬಹುಕಾಲದಿಂದ ಬಂದದ್ದು. ಆ ಸಿಗರೇಟಿನ ಸ್ಥಾನದಲ್ಲಿ ಈಚೆಗೆ ಕೆಲವು ತರುಣರ ಬೆರಳುಗಳ ನಡುವೆ ಲೇಖನಿಯಾಕಾರದ ವಿದ್ಯುತ್ ಸಾಧನವೊಂದು ಕಾಣಿಸಿಕೊಳ್ಳುತ್ತಿದೆ. ಇದೇನೆಂದು ಕೇಳಿದರೆ, "ವೇಪ್ ಸಾರ್, ಇದರಲ್ಲಿ ನಿಕೋಟಿನ್ ಇಲ್ಲ, ಸಿಗರೇಟು ಕಮ್ಮಿ ಮಾಡೋಕೆ ಇಟ್ಕೊಂಡಿದ್ದೀನಿ" ಎಂಬ ಉತ್ತರವು ತುಸು ಸಂಕೋಚದಿಂದಲೂ ತುಸು ಹೆಮ್ಮೆಯಿಂದಲೂ ಬರುತ್ತದೆ. ಈ ಉತ್ತರವನ್ನು ಪರಿಹಾಸಕ್ಕೆ ಗುರಿಮಾಡುವುದು ಸುಲಭ. ಆದರೆ ಸೇದುವವನಲ್ಲಿ ಕಡಿಮೆ ಮಾಡಬೇಕೆಂಬ ಇಚ್ಛೆ ಅಂಕುರಿಸಿರುವುದೇ ಶುಭಲಕ್ಷಣವಾದುದರಿಂದ, ಅವನು ಹಿಡಿದಿರುವ ಉಪಾಯ ಆ ಇಚ್ಛೆಯನ್ನು ಎಷ್ಟರಮಟ್ಟಿಗೆ ಪೋಷಿಸೀತೆಂಬುದನ್ನು ಗಂಭೀರವಾಗಿಯೇ ವಿಚಾರಿಸಬೇಕು.

ಉಪಾಯದ ಹಿಂದಿನ ತರ್ಕ ಅಸಂಬದ್ಧವಾದುದೇನೂ ಅಲ್ಲ. ಸಿಗರೇಟಿನ ದಾಸ್ಯಕ್ಕೆ ಎರಡು ಸಂಕೋಲೆಗಳುಂಟು. ಮೊದಲನೆಯದು, ಒಂದು ದಮ್ಮು ಎಳೆದ ಕೆಲವೇ ಸೆಕೆಂಡುಗಳಲ್ಲಿ ರಕ್ತದ ಮೂಲಕ ಮಿದುಳನ್ನು ಮುಟ್ಟುವ ನಿಕೋಟಿನ್. ಎರಡನೆಯದು, ಬೆರಳು, ತುಟಿ, ಗಂಟಲು, ಜೊತೆಗಾರರ ಹರಟೆ, ಚಹದ ಬಿಸಿ ಇವೆಲ್ಲವೂ ಸೇರಿ ವರ್ಷಾನುವರ್ಷ ನೇಯ್ದಿರುವ ಅಭ್ಯಾಸ. ಪುಟ್ಟ ಬ್ಯಾಟರಿಯ ಬಲದಿಂದ ತಂತಿಯ ಸುರುಳಿಯನ್ನು ಕಾಯಿಸಿ, ಪ್ರೊಪೈಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್ ಎಂಬ ದ್ರವಗಳನ್ನು ಸುವಾಸನೆಯೊಡನೆ ಮಂಜಿನಂತೆ ಹೊರಸೂಸುವ ಈ ಸಾಧನವನ್ನು ಇಂದಿನ ರೂಪಕ್ಕೆ ತಂದವನು ಚೀನದ ಔಷಧತಜ್ಞ ಹಾನ್ ಲಿಕ್. ಕಾಲ 2003ರ ಸುಮಾರು. ಅವನೂ ಬಿಡಲಾರದೆ ಸೇದುತ್ತಿದ್ದವನೇ. ದ್ರವದಲ್ಲಿ ನಿಕೋಟಿನ್ ಇಲ್ಲವಾದರೆ ಮೊದಲ ಸಂಕೋಲೆ ಕಳಚಿತು, ಎರಡನೆಯದನ್ನು ನಿಧಾನವಾಗಿ ಸಡಿಲಿಸಿಕೊಳ್ಳಬಹುದು ಎಂಬುದು ನಮ್ಮ ತರುಣನ ಲೆಕ್ಕ.

ಪ್ರಯೋಗಗಳ ಸಾಕ್ಷ್ಯ ಈ ಲೆಕ್ಕಕ್ಕೆ ಅನುಕೂಲವಾಗಿಲ್ಲ. ನ್ಯೂಜಿಲೆಂಡಿನಲ್ಲಿ 657 ಮಂದಿ ಸೇದುವವರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆರು ತಿಂಗಳ ಬಳಿಕ ಸಿಗರೇಟನ್ನು ಸಂಪೂರ್ಣವಾಗಿ ತ್ಯಜಿಸಿದ್ದವರು ನಿಕೋಟಿನ್ ಸಹಿತವಾದ ಸಾಧನವನ್ನು ಪಡೆದವರಲ್ಲಿ ಶೇಕಡ 7.3, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಯನ್ನು ಪಡೆದವರಲ್ಲಿ 5.8, ನಿಕೋಟಿನ್ನಿಲ್ಲದ ಸಾಧನವನ್ನು ಪಡೆದವರಲ್ಲಿ 4.1. ಅಂತರ ಸಣ್ಣದು, ಆಕಸ್ಮಿಕವೆಂದು ತಳ್ಳಿಹಾಕಲೂ ಅವಕಾಶವಿದ್ದಷ್ಟು ಸಣ್ಣದು. ಆದರೆ ಅಲ್ಲಿಂದೀಚೆಗೆ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗಿನೋಡಿದ ಕೊಕ್ರೇನ್ ಸಮೀಕ್ಷೆಗಳಲ್ಲಿಯೂ, ಸಿಗರೇಟು ಬಿಡಿಸುವುದರಲ್ಲಿ ನಿಕೋಟಿನ್ ಸಹಿತವಾದುದು ನಿಕೋಟಿನ್ ರಹಿತವಾದುದಕ್ಕಿಂತ ಮೇಲೆಂದೇ ಕಂಡುಬಂದಿದೆ. ಇಂಗ್ಲೆಂಡಿನಲ್ಲಿ 2019ರಲ್ಲಿ ಪ್ರಕಟವಾಗಿ ಬಹಳ ಹೆಸರಾದ ಪರೀಕ್ಷೆಯಲ್ಲಿ ವರ್ಷಾಂತ್ಯಕ್ಕೆ ಶೇಕಡ 18ರಷ್ಟು ಜನ ಸಿಗರೇಟು ಬಿಟ್ಟಿದ್ದರೆಂದು ವೇಪಿನ ಪಕ್ಷಪಾತಿಗಳು ಉತ್ಸಾಹದಿಂದ ಉಲ್ಲೇಖಿಸುವುದುಂಟು. ಆ ಸಾಧನದಲ್ಲಿ ನಿಕೋಟಿನ್ ಇತ್ತೆಂಬುದನ್ನೂ, ಬಿಟ್ಟವರಲ್ಲಿ ಶೇಕಡ 80 ಮಂದಿ ವರ್ಷದ ಕೊನೆಗೂ ಸಾಧನಕ್ಕೆ ಅಂಟಿಕೊಂಡೇ ಇದ್ದರೆಂಬುದನ್ನೂ ಅದೇ ಉತ್ಸಾಹದಿಂದ ಹೇಳುವವರು ವಿರಳ.

ನನ್ನ ಆಕ್ಷೇಪಣೆ ಇಷ್ಟೇ. ಸೇದುವವನು ಸೇದುವುದು ನಿಕೋಟಿನ್ನಿಗಾಗಿ. ಅವನನ್ನು ಕೊಲ್ಲುವುದಾದರೋ ಬಹುಮಟ್ಟಿಗೆ ಎಲೆ ಉರಿದಾಗ ಹುಟ್ಟುವ ಟಾರು, ಕಾರ್ಬನ್ ಮಾನಾಕ್ಸೈಡು ಮತ್ತು ಅವುಗಳ ಸಂಗಡಿಗ ವಿಷಗಳು. ನಿಕೋಟಿನ್ ನಿರ್ದೋಷಿಯೆಂದು ನಾನು ವಾದಿಸುತ್ತಿಲ್ಲ. ಬಾಲಕರಿಗೂ ಗರ್ಭಿಣಿಯರಿಗೂ ಅದು ಸರ್ವಥಾ ವರ್ಜ್ಯ. ಆದರೆ ಪ್ರಾಪ್ತವಯಸ್ಕನಾದ ಚಟದವನ ವಿಷಯದಲ್ಲಿ, ಚಟವನ್ನು ಇಳಿಸುವ ಮೆಟ್ಟಿಲಾಗಿ ಸ್ವಲ್ಪಕಾಲ ಉಳಿಸಿಕೊಳ್ಳಬಹುದಾದದ್ದು ನಿಕೋಟಿನ್, ಎಂದೆಂದಿಗೂ ದೂರವಿಡಬೇಕಾದದ್ದು ಎದೆಯೊಳಕ್ಕೆ ಪರವಸ್ತುವನ್ನು ಎಳೆದುಕೊಳ್ಳುವ ಕ್ರಿಯೆ. ನಿಕೋಟಿನ್ನಿಲ್ಲದ ವೇಪು ಈ ಕ್ರಮವನ್ನು ತಲೆಕೆಳಗುಮಾಡಿ, ಉಪಯೋಗಕ್ಕೆ ಬರಬಹುದಾಗಿದ್ದುದನ್ನು ಕಿತ್ತುಹಾಕಿ, ಎಳೆದುಕೊಳ್ಳುವ ಕ್ರಿಯೆಯನ್ನು ಮಾತ್ರ ಜೋಪಾನವಾಗಿ ಕಾಪಾಡಿಕೊಡುತ್ತದೆ.

ಬೇರೆ ಊರಿನಲ್ಲಾಗಿದ್ದರೆ ಈ ಮಾತನ್ನು ಇಷ್ಟು ಒತ್ತಿ ಹೇಳುತ್ತಿರಲಿಲ್ಲವೇನೋ. ಆದರೆ ಇದು, ನಮ್ಮ ಈ ಕೋಲಾರ ಚಿನ್ನದ ಗಣಿ, ಉಸಿರಿನ ಬೆಲೆ ತೆತ್ತು ಚಿನ್ನ ತೆಗೆದ ಊರು. ಜಾನ್ ಟೇಲರ್ ಸಂಸ್ಥೆ 1880ರಲ್ಲಿ ಕಾಲಿಟ್ಟಂದಿನಿಂದ 2001ನೆಯ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ, ಮೈಸೂರು ಮೈನ್ಸ್, ಚಾಂಪಿಯನ್ ರೀಫ್, ನಂದಿದುರ್ಗ, ಊರಿಗಾಂ ಗಣಿಗಳ ಬಂಡೆಗಳನ್ನು ಕೊರೆದು, ಸಿಡಿಸಿ, ಮೂರು ಕಿಲೋಮೀಟರಿಗೂ ಮಿಕ್ಕ ಆಳದಿಂದ ಅದುರನ್ನು ಮೇಲೆತ್ತಿದವರ ಶ್ವಾಸಕೋಶಗಳಲ್ಲಿ ಸಿಲಿಕಾ ಧೂಳು ನೆಲೆಸಿತು. ಭಾರತದಲ್ಲಿ ಸಿಲಿಕೋಸಿಸ್ ರೋಗದ ಬಗೆಗೆ ನಡೆದ ಮೊದಲ ವ್ಯವಸ್ಥಿತ ಶೋಧನೆ ಇಲ್ಲಿಯದೇ. 1940ರಿಂದ 46ರವರೆಗೆ ಪರೀಕ್ಷೆಗೊಳಗಾದ 7,653 ಕಾರ್ಮಿಕರಲ್ಲಿ ಶೇಕಡ 40ಕ್ಕೂ ಹೆಚ್ಚು ಮಂದಿಯಲ್ಲಿ ಆ ರೋಗದ ಕುರುಹುಗಳಿದ್ದವು. ಒಮ್ಮೆ ಹೊಕ್ಕ ಧೂಳು ಹೊರಬರುವುದಿಲ್ಲ. ಅದರ ಸುತ್ತ ಗಂಟುಗಟ್ಟಿದ ಅಂಗಾಂಶ ಕ್ರಮೇಣ ಗಡುಸಾಗುತ್ತದೆ, ಕ್ಷಯಕ್ಕೆ ಬಾಗಿಲು ತೆರೆಯುತ್ತದೆ, ಮೇಲೆ ಬೀಡಿ ಸಿಗರೇಟುಗಳ ಹೊಗೆಯೂ ಕೂಡಿಕೊಂಡರೆ ಅರ್ಬುದದ ಭಯ ಬಹಳವಾಗಿ ಏರುತ್ತದೆ. ಗಣಿ ಮುಚ್ಚಿದರೂ, ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಸಯನೈಡ್ ಗುಡ್ಡಗಳು ಮೂರು ಕೋಟಿ ಟನ್ನಿಗೂ ಮಿಕ್ಕಿ ಇಂದಿಗೂ ಊರ ನಡುವೆ ನಿಂತಿವೆ. ಗಾಳಿಯ ದಿನಗಳಲ್ಲಿ ಅವುಗಳ ನಸುಬೂದಿಯ ಪುಡಿ ಅಂಗಳದ ಬಟ್ಟೆಯ ಮೇಲೂ, ಮುಚ್ಚದೆ ಬಿಟ್ಟ ನೀರಿನ ಮೇಲೂ ಕೂರುತ್ತದೆ. ಇಂತಹ ಊರಿನಲ್ಲಿ, ಹತ್ತಿಪ್ಪತ್ತು ವರ್ಷ ಎಳೆದರೆ ಏನಾದೀತೆಂಬುದು ಇನ್ನೂ ಯಾರಿಗೂ ತಿಳಿಯದ ಗ್ಲೈಕಾಲಿನ ಮಂಜನ್ನು, ಹೆಚ್ಚು ಕಾದಾಗ ಫಾರ್ಮಾಲ್ಡಿಹೈಡನ್ನೂ ಹುಟ್ಟಿಸಬಲ್ಲ ಆ ಮಂಜನ್ನು, ಆರೋಗ್ಯದ ಹೆಸರಿನಲ್ಲಿ ಒಳಗೆಳೆದುಕೊಳ್ಳುವುದು ನನಗೆ ವಿವೇಕವೆನಿಸದು.

"ಪೂರ್ತಿ ಬಿಡೋಕಾಗಲ್ಲ, ಕಮ್ಮಿ ಮಾಡಿದರೆ ಸಾಲದೆ?" ಎಂಬ ಪ್ರಶ್ನೆಯೊಂದುಂಟು. ಸಾಲದು. ದಿನಕ್ಕೆ ಒಂದೇ ಸಿಗರೇಟು ಸೇದುವವನ ಹೃದಯಕ್ಕೆ ಒದಗುವ ಅಪಾಯ, ಇಪ್ಪತ್ತು ಸೇದುವವನ ಹೆಚ್ಚುವರಿ ಅಪಾಯದ ಇಪ್ಪತ್ತನೆಯ ಒಂದು ಪಾಲಾಗಿರದೆ ಹೆಚ್ಚುಕಡಮೆ ಅರ್ಧದಷ್ಟಿರುತ್ತದೆಂದು 2018ರ ವಿಸ್ತಾರವಾದ ವಿಶ್ಲೇಷಣೆಯೊಂದು ತೋರಿಸಿತು. ಸಂಖ್ಯೆ ತಗ್ಗಿಸಿದವನು ಉಳಿದ ಸಿಗರೇಟನ್ನು ತನಗರಿಯದಂತೆ ಇನ್ನಷ್ಟು ಆಳವಾಗಿ, ತುದಿಯವರೆಗೂ ಎಳೆದು ನಷ್ಟವನ್ನು ತುಂಬಿಕೊಳ್ಳುವುದೂ ಉಂಟು.

ಇನ್ನು ಕಾನೂನು. ಕರ್ನಾಟಕ 2016ರಲ್ಲಿಯೇ ವಿದ್ಯುತ್ ಸಿಗರೇಟನ್ನು ನಿಷೇಧಿಸಿತು. 2019ರ ಕೇಂದ್ರ ಶಾಸನವು ನಿಕೋಟಿನ್ ಇದ್ದರೂ ಇಲ್ಲದಿದ್ದರೂ ಅದನ್ನು ವಿದ್ಯುತ್ ಸಿಗರೇಟೆಂದೇ ವ್ಯಾಖ್ಯಾನಿಸಿ, ತಯಾರಿಕೆ, ಆಮದು, ಮಾರಾಟ, ಜಾಹೀರಾತುಗಳಿಗೆ ಮೊದಲ ಅಪರಾಧದಲ್ಲಿ ಒಂದು ವರ್ಷದವರೆಗೆ ಸೆರೆವಾಸವನ್ನೋ ಒಂದು ಲಕ್ಷ ರೂಪಾಯಿಗಳವರೆಗೆ ದಂಡವನ್ನೋ ಎರಡನ್ನೂ ಒಟ್ಟಿಗೆಯೋ ವಿಧಿಸಿತು. ಆದುದರಿಂದ ನಮ್ಮ ತರುಣನ ಕೈಯಲ್ಲಿರುವುದು ಕಳ್ಳದಾರಿಯ ಸರಕು. ಅದರ ಮೇಲಿನ "ನಿಕೋಟಿನ್ ಸೊನ್ನೆ" ಎಂಬ ಚೀಟಿಯನ್ನು ಇಲ್ಲಿ ಪರೀಕ್ಷಿಸುವ ಅಧಿಕಾರಿಯಿಲ್ಲ. ಬಹಿರಂಗವಾಗಿ ಮಾರುತ್ತಿದ್ದ ಅಮೆರಿಕದಲ್ಲಿಯೇ 2009ರಲ್ಲಿ ಸರಕಾರದ ಪ್ರಯೋಗಾಲಯ ತೆರೆದು ನೋಡಿದಾಗ, ನಿಕೋಟಿನ್ ಇಲ್ಲವೆಂದು ಬರೆದಿದ್ದ ಕೊಳವೆಗಳಲ್ಲಿ ಒಂದರ ಹೊರತು ಮಿಕ್ಕವುಗಳಲ್ಲೆಲ್ಲ ಅದು ಸಿಕ್ಕಿತ್ತು. ನಿಷೇಧವನ್ನು ನಾನು ಒಪ್ಪುತ್ತೇನೆ. ಒಪ್ಪಿದ ಮೇಲೂ ಒಂದು ಮುಜುಗರ ಉಳಿಯುತ್ತದೆ: ವೇಪನ್ನು ಬಹಿಷ್ಕರಿಸಿದ ಇದೇ ಸರಕಾರದ ಕಣ್ಣೆದುರು, ಬಿಡಿಯಾಗಿ ಮಾರಕೂಡದೆಂದು ರಾಜ್ಯ 2017ರಲ್ಲಿ ಆಜ್ಞೆ ಹೊರಡಿಸಿದ ಸಿಗರೇಟು, ಪೆಟ್ಟಿಗೆಯಂಗಡಿಯ ಗಾಜಿನ ಭರಣಿಯ ಪಕ್ಕದಲ್ಲಿ ಒಂದೊಂದಾಗಿಯೇ ಮಾರಾಟವಾಗುತ್ತಿದೆ. ಬಿಡಿಯಾಗಿ ಕೊಳ್ಳುವವನಿಗೆ ಪ್ಯಾಕಿನ ಮೇಲೆ ಅಚ್ಚಾಗಿರುವ 1800-11-2356 ಎಂಬ ಸಹಾಯವಾಣಿಯ ಸಂಖ್ಯೆ ಕಾಣುವ ಸಂಭವವೇ ಇಲ್ಲ.

ಆ ಸಂಖ್ಯೆಗೆ ಕಾಸು ಖರ್ಚಿಲ್ಲದೆ ಕರೆಮಾಡಿದರೆ ಬಿಡುವ ಕ್ರಮವನ್ನು ಹೇಳಿಕೊಡುವವರಿದ್ದಾರೆ. ದಕ್ಷಿಣದ ಭಾಷೆಗಳ ಕರೆಗಳನ್ನು ನಿಮ್ಹಾನ್ಸ್ ನೋಡಿಕೊಳ್ಳುವುದರಿಂದ, ಮನೆಯಲ್ಲಿ ತಮಿಳನ್ನೂ ಪೇಟೆಯಲ್ಲಿ ಕನ್ನಡವನ್ನೂ ಆಡುವ ನಮ್ಮ ಗಣಿಯ ಜನಕ್ಕೆ ಭಾಷೆಯ ತೊಡಕಿಲ್ಲ. ಔಷಧದಂಗಡಿಯಲ್ಲಿ ವೈದ್ಯರ ಚೀಟಿಯಿಲ್ಲದೆಯೇ ದೊರೆಯುವ 2 ಮಿಲಿಗ್ರಾಂ ನಿಕೋಟಿನ್ ಗಮ್ಮು ವೇಪಿಗೆ ತದ್ವಿರುದ್ಧವಾದ ವಸ್ತು: ಅದರಲ್ಲಿ ನಿಕೋಟಿನ್ ಉಂಟು, ಎದೆಗೆ ಏನನ್ನೂ ಎಳೆಯುವ ಕೆಲಸವಿಲ್ಲ. ಅದನ್ನು ತಾಂಬೂಲದಂತೆ ಎಡೆಬಿಡದೆ ಅಗಿದವರು ಬಿಕ್ಕಳಿಕೆ, ಹೊಟ್ಟೆಯುರಿಗಳಿಗೆ ಹೆದರಿ ಎರಡೇ ದಿನಕ್ಕೆ ಎಸೆಯುತ್ತಾರೆ. ನಿಧಾನವಾಗಿ ಅಗಿದು, ಮೆಣಸಿನಂಥ ಚುರುಕು ತಾಗಿದೊಡನೆ ನಿಲ್ಲಿಸಿ, ಕೆನ್ನೆಗೂ ವಸಡಿಗೂ ನಡುವೆ ಇರಿಸಿ, ಚುರುಕು ಇಳಿದ ಬಳಿಕ ಮತ್ತೆ ಅಗಿಯಬೇಕು. ಚಹ ಕುಡಿದು ಕಾಲು ಗಂಟೆಯಾದರೂ ಕಳೆದಿರಬೇಕು, ಇಲ್ಲವಾದರೆ ಬಾಯಲ್ಲಿ ಅದು ಹೀರಲ್ಪಡುವುದಿಲ್ಲ. ಒಂದು ಗಮ್ಮಿಗೆ ಅರ್ಧ ಗಂಟೆ. ಹೇಗೂ ಸೇದಕೂಡದ ರೈಲಿನಲ್ಲಿ ಬಂಗಾರಪೇಟೆ ಬಿಟ್ಟಾಗ ಬಾಯಿಗೆ ಹಾಕಿಕೊಂಡದ್ದು ಮಾಲೂರಿನ ಹೊತ್ತಿಗೆ ಮುಗಿಯುತ್ತದೆ.

ಆದರೆ ಇದನ್ನೆಲ್ಲ ಎದುರು ಕೂರಿಸಿಕೊಂಡು ಹೇಳುವವರು ಬೇಕು. ತಂಬಾಕು ನಿಯಂತ್ರಣದ ಹೆಸರಿನಲ್ಲಿ ದಂಡ ವಸೂಲಿಗೆ ಹೊರಡುವ ಅಧಿಕಾರಿಗಳು, ಅದೇ ಉತ್ಸಾಹದಿಂದ ರಾಬರ್ಟ್‌ಸನ್‌ಪೇಟೆಯ ಮತ್ತು ಬಂಗಾರಪೇಟೆಯ ಸರಕಾರಿ ಆಸ್ಪತ್ರೆಗಳಲ್ಲಿ ಗಮ್ಮನ್ನು ಉಚಿತವಾಗಿ ಕೊಡುವ ಒಂದು ಮೇಜನ್ನು ಹಾಕಿಸಲಿ. ಮತ್ತು, ಹಗಲಿನ ಹೊರರೋಗಿ ವಿಭಾಗ ತೆರೆದಿರುವಷ್ಟು ಹೊತ್ತೂ ಈ ಊರಿನ ದುಡಿಯುವ ಮಂದಿ ಬೆಂಗಳೂರಿನಲ್ಲಿರುವರಾದ ಕಾರಣ, ಆ ಮೇಜು ವಾರಕ್ಕೆರಡು ದಿನವಾದರೂ ಸಂಜೆಯ ಗಾಡಿ ಬಂದ ಮೇಲೆ ತೆರೆದಿರಲಿ.