ಹ್ಯಾಂಡಲ್ ಬೇರಿಂಗಿಗೆ ಯಾವ ಗ್ರೀಸು?

ಒಂದು ಕಾಲಕ್ಕೆ ರೈತನ ಮನೆಯ ಮುಂದೆ ಎತ್ತಿನ ಗಾಡಿ ನಿಂತಿರುತ್ತಿತ್ತು. ಇಂದು ಆ ಜಾಗದಲ್ಲಿ ಮೋಟಾರ್ ಸೈಕಲ್ಲೋ ಮೊಪೆಡ್ಡೋ ನಿಂತಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಡೈರಿಗೆ ಹಾಲಿನ ಕ್ಯಾನು, ಗದ್ದೆಗೆ ಗೊಬ್ಬರದ ಚೀಲ, ಕೊಟ್ಟಿಗೆಗೆ ಹುಲ್ಲಿನ ಹೊರೆ ಎಲ್ಲವೂ ಇದರ ಮೇಲೆಯೇ ಸಾಗುತ್ತವೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದನ್ನು ನಮ್ಮ ಹಿರಿಯರು ಮರೆಯುತ್ತಿರಲಿಲ್ಲ. ಮರೆತರೆ ಗಾಡಿಯೇ ಕಿರುಗುಟ್ಟಿ ನೆನಪಿಸುತ್ತಿತ್ತು. ಮೋಟಾರ್ ಸೈಕಲ್ಲಿನ ಹ್ಯಾಂಡಲ್ ಬೇರಿಂಗು ಹಾಗಲ್ಲ. ಅದು ಸದ್ದಿಲ್ಲದೆ ಒಣಗುತ್ತದೆ, ಸದ್ದಿಲ್ಲದೆ ತುಕ್ಕು ಹಿಡಿಯುತ್ತದೆ. ಆದ್ದರಿಂದಲೇ ಅದರ ಕಡೆ ನಮ್ಮ ಗಮನ ಹರಿಯುವುದು ಕಡಿಮೆ.

ಮೆಕ್ಯಾನಿಕ್‌ಗಳು ಕೋನ್‌ಸೆಟ್ ಎಂದು ಕರೆಯುವ ಈ ಬೇರಿಂಗು ಹ್ಯಾಂಡಲಿನ ಕೆಳಗಿರುವ ಕೊಳವೆಯ ಮೇಲ್ತುದಿಯಲ್ಲಿ ಒಂದು, ಕೆಳತುದಿಯಲ್ಲಿ ಒಂದು ಇರುತ್ತದೆ. ಉಕ್ಕಿನ ಎರಡು ಬಟ್ಟಲುಗಳ ನಡುವೆ ಸಣ್ಣ ಗುಂಡುಗಳು ಕುಳಿತಿರುತ್ತವೆ. ಚಕ್ರದ ಬೇರಿಂಗು ಪೂರ್ತಿ ಸುತ್ತುವುದರಿಂದ ಅದರಲ್ಲಿ ಗ್ರೀಸು ಗುಂಡುಗಳಿಗೆ ಮತ್ತೆ ಮತ್ತೆ ಸವರಿಕೊಳ್ಳುತ್ತದೆ. ಹ್ಯಾಂಡಲ್ ಬೇರಿಂಗಾದರೋ ನೇರ ದಾರಿಯಲ್ಲಿ ಅಲ್ಲಾಡುವುದೇ ಅತ್ಯಲ್ಪ. ಪ್ರತಿ ಗುಂಡಿಯ, ಪ್ರತಿ ಹಂಪಿನ ಪೆಟ್ಟು ಅದೇ ಗುಂಡುಗಳ ಮೂಲಕ ಬಟ್ಟಲಿನ ಅದೇ ಜಾಗಕ್ಕೆ ಬೀಳುತ್ತದೆ. ಅಲ್ಲಿಯ ಗ್ರೀಸು ಪಕ್ಕಕ್ಕೆ ಸರಿಯುತ್ತದೆ, ನೀರು ಸೇರುತ್ತದೆ, ಕೊನೆಗೆ ಬಟ್ಟಲಿನಲ್ಲಿ ಕುಳಿ ಬೀಳುತ್ತದೆ. ಆಮೇಲೆ ಹ್ಯಾಂಡಲು ನೇರಕ್ಕೆ ಬಂದಾಗ ‘ಟಕ್’ ಎಂದು ಕಚ್ಚಿಕೊಳ್ಳುತ್ತದೆ.

ಇದು ಸಣ್ಣ ದೋಷವಲ್ಲ. ನೇರ ಹೋಗುವಾಗಲೂ ಸವಾರನ ಕೈ ಹ್ಯಾಂಡಲನ್ನು ಕೂದಲೆಳೆಯಷ್ಟು ಅತ್ತಿತ್ತ ತಿದ್ದುತ್ತಲೇ ಇರುತ್ತದೆ. ಕಚ್ಚುವ ಹ್ಯಾಂಡಲು ಈ ತಿದ್ದುಪಡಿಗೆ ಅಡ್ಡಿಯಾಗಿ, ಬೈಕು ಓಲಾಡತೊಡಗುತ್ತದೆ. ನಮ್ಮ ಭಾಗದ ನಾಲೆ ಏರಿಯ ರಸ್ತೆಗಳು ಎಂಥವು ಎಂಬುದು ಎಲ್ಲರಿಗೂ ಗೊತ್ತು. ೨೦೧೮ರ ನವೆಂಬರ್ ೨೪ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ವಿ.ಸಿ. ನಾಲೆಗೆ ಬಸ್ಸು ಬಿದ್ದು ೩೦ ಮಂದಿ ಪ್ರಾಣ ಕಳೆದುಕೊಂಡರು. ಆ ದುರಂತಕ್ಕೂ ಗ್ರೀಸಿಗೂ ಸಂಬಂಧವಿಲ್ಲ. ಆದರೆ ಏರಿಯ ಮೇಲೆ ಒಂದು ಮೊಳ ಪಕ್ಕಕ್ಕೆ ಸರಿದರೂ ಬೆಲೆ ಎಷ್ಟೆಂಬುದನ್ನು ಅದು ತೋರಿಸಿದೆ. ಅಂತಹ ದಾರಿಯಲ್ಲಿ ಹೊರೆ ಹೊತ್ತು ಹೋಗುವ ಬೈಕಿನ ಹ್ಯಾಂಡಲು ಮಾತು ಕೇಳಲೇಬೇಕು.

ಗ್ರೀಸಿನ ವಿಷಯದಲ್ಲಿ ಎರಡು ಅಭಿಪ್ರಾಯಗಳಿವೆ. ಟ್ರ್ಯಾಕ್ಟರಿಗೆ ತಂದ ಡಬ್ಬದಲ್ಲಿ ಉಳಿದದ್ದನ್ನು ಹಚ್ಚಿದರಾಯಿತು ಎಂಬುದು ಒಂದು. ಬೆಲೆ ಹೆಚ್ಚಾದಷ್ಟೂ ಒಳ್ಳೆಯದು ಎಂಬುದು ಇನ್ನೊಂದು. ನನ್ನ ಅಭಿಪ್ರಾಯದಲ್ಲಿ ಎರಡೂ ಸರಿಯಲ್ಲ. ಈ ಬೇರಿಂಗು ವೇಗವಾಗಿ ತಿರುಗುವುದಿಲ್ಲ, ಬಿಸಿಯೂ ಆಗುವುದಿಲ್ಲ. ಹೀಗಾಗಿ ಹೆಚ್ಚಿನ ಶಾಖ ತಡೆಯುವ ದುಬಾರಿ ಗ್ರೀಸು ಇಲ್ಲಿ ಅನಗತ್ಯ. ಇದರ ಶತ್ರುಗಳು ಮೂರು: ನೀರು, ದೂಳು ಮತ್ತು ಪೆಟ್ಟು. ಗ್ರೀಸನ್ನು ಇವುಗಳ ಮೇಲೆಯೇ ಆರಿಸಬೇಕು.

ಗ್ರೀಸು ಎಂದರೆ ಎಣ್ಣೆಯನ್ನು ಒಂದು ಬಗೆಯ ಸೋಪಿನೊಂದಿಗೆ ಸೇರಿಸಿ ಗಟ್ಟಿಮಾಡಿದ ವಸ್ತು. ಸೋಪು ಯಾವುದು ಎಂಬುದರ ಮೇಲೆ ಅದರ ಗುಣ ನಿಂತಿದೆ. ಸೋಡಿಯಂ ಸೋಪಿನ ಗ್ರೀಸು ಶಾಖ ತಡೆದರೂ ನೀರು ತಗುಲಿದರೆ ಹಾಲಿನಂತಾಗಿ ತೊಳೆದುಹೋಗುತ್ತದೆ. ಇದು ಬೇಡವೇ ಬೇಡ. ಕ್ಯಾಲ್ಸಿಯಂ ಸೋಪಿನ ಹಳೆಯ ಬಗೆಯ ಗ್ರೀಸು ನೀರನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಹೆಚ್ಚು ಶಾಖ ತಡೆಯದು. ಆದುದರಿಂದ ಅದೇ ಡಬ್ಬ ಚಕ್ರದ ಬೇರಿಂಗಿಗೆ ಆಗುವುದಿಲ್ಲ. ಲಿಥಿಯಂ ಸೋಪಿನ ಗ್ರೀಸು ನೀರನ್ನೂ ತಡೆಯುತ್ತದೆ, ಸುಮಾರು ೧೮೦ ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗಿ ಸೋರುವುದೂ ಇಲ್ಲ. ಡಬ್ಬದ ಮೇಲೆ ಗ್ರೀಸಿನ ಗಟ್ಟಿತನದ ಸಂಖ್ಯೆ ಇರುತ್ತದೆ. ೨ನೆಯ ಸಂಖ್ಯೆಯ ಲಿಥಿಯಂ ಗ್ರೀಸು ನಮ್ಮ ಕೆಲಸಕ್ಕೆ ಸಾಕು. ತುಸು ಗಟ್ಟಿಯಾದ ೩ ಸಿಕ್ಕಿದರೂ ಬಾಧಕವಿಲ್ಲ. ಗ್ರಾಫೈಟ್ ಬೆರೆಸಿದ ಕಪ್ಪು ಗ್ರೀಸು ಗುಂಡಿನ ಬೇರಿಂಗಿಗಲ್ಲ.

ಬಳಕೆಯ ಕ್ರಮವೂ ಅಷ್ಟೇ ಮುಖ್ಯ. ಹಳೆಯ ಗ್ರೀಸಿನ ಮೇಲೆ ಹೊಸದನ್ನು ಮೆತ್ತಬಾರದು. ಬೇರೆ ಬೇರೆ ಸೋಪಿನ ಗ್ರೀಸುಗಳು ಬೆರೆತರೆ ತೆಳುವಾಗಿ ಸೋರಿಹೋಗುವುದುಂಟು. ಬಟ್ಟಲು, ಗುಂಡುಗಳನ್ನು ಡೀಸೆಲ್‌ನಲ್ಲಿ ತೊಳೆದು, ಒಣಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹಚ್ಚಬೇಕು. ಪೆಟ್ರೋಲಿನಿಂದ ತೊಳೆಯುವುದು ಬೆಂಕಿಯೊಡನೆ ಸರಸ. ಮೈಸೂರಿನಲ್ಲಿ ತಯಾರಾದ ಯೆಜ್ಡಿಯಂತಹ ಹಳೆಯ ಬೈಕುಗಳಲ್ಲಿ ಗುಂಡುಗಳು ಬಿಡಿಯಾಗಿರುತ್ತವೆ; ಬಿಚ್ಚುವ ಮೊದಲು ಕೆಳಗೆ ಬಟ್ಟೆ ಹಾಸಿ, ಎಣಿಸಿಟ್ಟುಕೊಳ್ಳಿ. ವೇಗವಾಗಿ ತಿರುಗುವ ಬೇರಿಂಗಿಗೆ ಗ್ರೀಸು ಕಿಕ್ಕಿರಿದರೆ ಬಿಸಿಯಾಗುತ್ತದೆ. ಹ್ಯಾಂಡಲಿಗೆ ಆ ಭಯವಿಲ್ಲ. ಬಟ್ಟಲು ತುಂಬ ಹಚ್ಚಿ. ಹೊರಗೆ ಉಬ್ಬಿ ನಿಂತ ಗ್ರೀಸೇ ನೀರಿಗೆ ಕಟ್ಟಿದ ಬದು.

ನೀರಾವರಿ ಭಾಗದವರು ಬೈಕನ್ನು ನಾಲೆಗಿಳಿಸಿ ತೊಳೆಯುವುದನ್ನೂ, ಸರ್ವಿಸ್ ಅಂಗಡಿಯಲ್ಲಿ ಹ್ಯಾಂಡಲಿನ ಬುಡಕ್ಕೆ ನೇರವಾಗಿ ನೀರು ಹಾಯಿಸುವುದನ್ನೂ ಬಿಡಬೇಕು. ನಾಗಮಂಗಲದ ಕೆಮ್ಮಣ್ಣಿನ ದಾರಿಯವರಿಗೆ ನೀರಿಗಿಂತ ದೂಳಿನ ಕಾಟ ಹೆಚ್ಚು. ಮುಚ್ಚಳ ತೆರೆದಿಟ್ಟ ಗ್ರೀಸಿನ ಡಬ್ಬದಲ್ಲಿ ದೂಳು ಕುಳಿತರೆ ನಾವು ಹಚ್ಚುವುದು ಗ್ರೀಸಲ್ಲ, ಸಾಣೆಯ ಮಣ್ಣು. ಆದ್ದರಿಂದ ಬೈಕಿಗೆಂದು ಮುಚ್ಚಳವಿರುವ ಸಣ್ಣ ಡಬ್ಬವನ್ನು ಬೇರೆಯಾಗಿಯೇ ಇಡುವುದು ಲೇಸು.

ಗ್ರೀಸು ಮದ್ದಲ್ಲ, ಪಥ್ಯ. ಕುಳಿ ಬಿದ್ದ ಬಟ್ಟಲನ್ನು ಯಾವ ಗ್ರೀಸೂ ಸರಿಮಾಡದು. ಆಗ ಬಟ್ಟಲು, ಗುಂಡುಗಳ ಇಡೀ ಸೆಟ್ಟನ್ನೇ ಬದಲಾಯಿಸಬೇಕು. ಪರೀಕ್ಷೆ ಸುಲಭ. ಮುಂದಿನ ಚಕ್ರ ನೆಲಬಿಟ್ಟಿರುವಂತೆ ನಿಲ್ಲಿಸಿ, ಹ್ಯಾಂಡಲನ್ನು ನಿಧಾನವಾಗಿ ಎರಡೂ ಕಡೆಗೆ ತಿರುಗಿಸಿ. ಎಲ್ಲಿಯೂ ಕಚ್ಚಬಾರದು. ಚಕ್ರದ ಮುಂದೆ ಕುಳಿತು ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಎಳೆದಾಗ ಲಟಲಟ ಎನ್ನಬಾರದು. ಸಡಿಲವಿದೆಯೆಂದು ನಟ್ಟನ್ನು ಬಲವಂತವಾಗಿ ಬಿಗಿದರೆ ಬಟ್ಟಲು ಬೇಗ ಹಾಳಾಗುತ್ತದೆ. ಬಿಗಿಯ ಅಂದಾಜು ಇಲ್ಲದವರು ಪಕ್ಕದಲ್ಲಿ ನಿಂತು ಮೆಕ್ಯಾನಿಕ್ಕನ ಕೈಯಿಂದಲೇ ಮಾಡಿಸಲಿ. ಯಾವ ಗ್ರೀಸು ಎಂದು ಕೇಳಲು ಮಾತ್ರ ಸಂಕೋಚಪಡಬೇಕಾಗಿಲ್ಲ.

ಮುಂಗಾರಿಗೆ ಮೊದಲು ನಾವು ನೇಗಿಲು, ಕುಂಟೆಗಳನ್ನು ಸಜ್ಜುಗೊಳಿಸುತ್ತೇವೆ. ಆ ದಿನಗಳಲ್ಲಿಯೇ ಅರ್ಧ ದಿನವನ್ನು ಬೈಕಿನ ಹ್ಯಾಂಡಲಿಗೂ ಮೀಸಲಿಡುವುದು ಒಳ್ಳೆಯದು. ಸಣ್ಣ ಡಬ್ಬ ಗ್ರೀಸಿನ ಖರ್ಚು ದೊಡ್ಡದಲ್ಲ. ಏರಿಯ ಮೇಲೆ ಮನೆಗೆ ಮರಳುವವನ ಜೀವ ದೊಡ್ಡದು.