ಬಿಟ್ಟ ಮೀನು ಬದುಕುತ್ತದೆಯೇ?

ನಮ್ಮಲ್ಲಿ ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿಕೊಂಡಂತೆ ಆಸ್ಟ್ರೇಲಿಯಾದಲ್ಲಿ ಎಷ್ಟೋ ಮನೆಗಳ ಮುಂದೆ ದೋಣಿ ನಿಂತಿರುತ್ತದೆ. ಗಾಲಿಗಳ ಟ್ರೈಲರ್ ಮೇಲೆ ತಾಡಪಾಲು ಹೊದ್ದು ಅದು ವಾರವಿಡೀ ಮಲಗಿರುತ್ತದೆ. ಶನಿವಾರ ಬೆಳಗಿನ ಜಾವ ಕಾರಿನ ಹಿಂಬದಿಗೆ ಅದನ್ನು ತಗಲಿಸಿಕೊಂಡು ಕಡಲ ದಂಡೆಗೆ ಎಳೆದೊಯ್ಯುತ್ತಾರೆ. ಅಲ್ಲಿ ನೀರಿನವರೆಗೆ ಇಳಿಜಾರಾಗಿ ಕಟ್ಟಿದ ಕಾಂಕ್ರೀಟ್ ಹಾದಿ ಇರುತ್ತದೆ. ಟ್ರೈಲರನ್ನು ಹಿಮ್ಮುಖವಾಗಿ ನೀರಿಗಿಳಿಸಿದರೆ ದೋಣಿ ತಾನಾಗಿ ತೇಲಿಕೊಳ್ಳುತ್ತದೆ. ಮೂರೋ ನಾಲ್ಕೋ ಮಂದಿ ಗೆಳೆಯರು, ಅಷ್ಟೇ ಗಾಳದ ಕೋಲುಗಳು, ಒಂದು ಐಸ್ ಪೆಟ್ಟಿಗೆ, ಫ್ಲಾಸ್ಕಿನಲ್ಲಿ ಕಾಫಿ. ಸೂರ್ಯ ಹುಟ್ಟುವ ಹೊತ್ತಿಗೆ ಇವರು ದಡದಿಂದ ಎಷ್ಟೋ ದೂರ.

ಇದು ಸಿರಿವಂತರ ಶೋಕಿಯೆಂದು ತಿಳಿಯಬೇಡಿ. 2000ನೇ ಇಸವಿಯ ಮೇ ತಿಂಗಳಿಗೆ ಮುಗಿದ ಒಂದು ವರ್ಷದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಅಲ್ಲಿ ಸುಮಾರು 33 ಲಕ್ಷ ಜನ, ಅಂದರೆ ಐದು ವರ್ಷ ದಾಟಿದವರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು, ಹವ್ಯಾಸಕ್ಕಾಗಿ ಒಮ್ಮೆಯಾದರೂ ಮೀನು ಹಿಡಿದಿದ್ದರು. ಕೊಳಾಯಿ ಕೆಲಸದವನೂ ಹಿಡಿಯುತ್ತಾನೆ, ವಕೀಲನೂ ಹಿಡಿಯುತ್ತಾನೆ.

ಮಗಳ ಮನೆಗೆಂದು ದಸರಾ ರಜೆಯಲ್ಲಿ ಮೆಲ್ಬೋರ್ನಿಗೆ ಹೋಗಿದ್ದಾಗ ಅಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥದೊಂದು ದೋಣಿಯಲ್ಲಿ ನನಗೂ ಜಾಗ ಮಾಡಿಕೊಟ್ಟ. ದೋಣಿ ಅವನದಲ್ಲ. ಗ್ರೀಸ್ ಮೂಲದ, ನಿವೃತ್ತ ಮೋಟಾರು ಮೆಕ್ಯಾನಿಕ್ ಒಬ್ಬರದು. ಜೊತೆಗೆ ವಿಯೆಟ್ನಾಮಿನಿಂದ ಬಂದು ಬ್ರೆಡ್ಡಿನಂಗಡಿ ಇಟ್ಟುಕೊಂಡಿರುವ ಇನ್ನೊಬ್ಬರು. ಮೂವರೂ ಒಬ್ಬರನ್ನೊಬ್ಬರು ಕರೆಯುವುದು ‘ಮೇಟ್’ ಎಂದು. ವಯಸ್ಸು, ಸಂಬಳ, ಊರು ಯಾವುದನ್ನೂ ಕೇಳದ ಪದ ಅದು. ನನ್ನ ವಿದ್ಯಾರ್ಥಿ ಮಾತ್ರ ನನ್ನನ್ನು “ಸಾರ್, ಲೈಫ್‌ಜಾಕೆಟ್ ಹಾಕ್ಕೊಳ್ಳಿ ಸಾರ್” ಎನ್ನುತ್ತಿದ್ದುದನ್ನು ಕೇಳಿ, ಆ ಮೆಕ್ಯಾನಿಕ್ ಯಜಮಾನರೂ ನನ್ನನ್ನು ದಿನವಿಡೀ ‘ಸಾರ್’ ಎಂದೇ ಕರೆದರು. ಅದು ನನ್ನ ಹೆಸರೆಂದು ಅವರು ತಿಳಿದಂತಿತ್ತು.

ನಾವು ಹೋದದ್ದು ಪೋರ್ಟ್ ಫಿಲಿಪ್ ಕೊಲ್ಲಿಗೆ. ಮೆಲ್ಬೋರ್ನ್ ನಗರ ಇರುವುದೇ ಇದರ ದಡದಲ್ಲಿ. ಸುಮಾರು 1,950 ಚದರ ಕಿಲೋಮೀಟರ್ ಹರಡಿದ್ದರೂ ಇದರ ಅತ್ಯಂತ ಆಳದ ಜಾಗ 24 ಮೀಟರ್ ಮಾತ್ರ. ಅರ್ಧದಷ್ಟು ಭಾಗ 8 ಮೀಟರಿಗಿಂತ ಆಳವಿಲ್ಲ. ತೆರೆದ ಸಮುದ್ರಕ್ಕೆ ಇರುವ ಬಾಗಿಲು ಕೇವಲ ಮೂರು ಕಿಲೋಮೀಟರಿನಷ್ಟು ಅಗಲ. ಈ ಬಾಗಿಲಿನಿಂದ ವಸಂತ ಕಾಲದಲ್ಲಿ, ಅಂದರೆ ಅವರ ಅಕ್ಟೋಬರ್, ನವೆಂಬರಿನಲ್ಲಿ, ಸ್ನ್ಯಾಪರ್ ಎಂಬ ಗುಲಾಬಿ ಬಣ್ಣದ, ಮೈಮೇಲೆ ನೀಲಿ ಚುಕ್ಕೆಗಳಿರುವ ಮೀನು ಮೊಟ್ಟೆಯಿಡಲು ಒಳಗೆ ಬರುತ್ತದೆ. (ನಮ್ಮ ಮಾರುಕಟ್ಟೆಗಳಲ್ಲಿ ರೆಡ್ ಸ್ನ್ಯಾಪರ್ ಎಂದು ಮಾರುವ ಮೀನು ಬೇರೆಯೇ ಕುಟುಂಬದ್ದು.) ನವೆಂಬರಿನ ಮೊದಲ ಮಂಗಳವಾರ ಮೆಲ್ಬೋರ್ನ್ ಕಪ್ ಕುದುರೆ ಪಂದ್ಯದ ರಜೆ. ಸ್ನ್ಯಾಪರ್ ಹಿಡಿಯುವವರಿಗೂ ಅದೇ ಹಬ್ಬ.

ಹಬ್ಬವೆಂದರೆ ಕಟ್ಟುಪಾಡು ಇಲ್ಲವೆಂದಲ್ಲ. ಮೆಲ್ಬೋರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಗಾಳ ಹಾಕಲು ಪರವಾನಗಿ ಬೇಕು. 28 ಸೆಂಟಿಮೀಟರಿಗಿಂತ ಚಿಕ್ಕ ಸ್ನ್ಯಾಪರನ್ನು ಇಟ್ಟುಕೊಳ್ಳುವಂತಿಲ್ಲ. ಒಬ್ಬರಿಗೆ ದಿನಕ್ಕೆ ಹತ್ತು. ಅದರಲ್ಲಿ 40 ಸೆಂಟಿಮೀಟರ್ ಮುಟ್ಟಿದವು ಮೂರಕ್ಕಿಂತ ಹೆಚ್ಚಿರಕೂಡದು. ಮರಿ ಬೆಳೆಯಲಿ, ಒಮ್ಮೆಯಾದರೂ ಸಂತಾನ ಬಿಡಲಿ ಎಂಬುದು ಇಂಥ ಅಳತೆಗಳ ಹಿಂದಿರುವ ಸಾಮಾನ್ಯ ಆಶಯ. ಆದ್ದರಿಂದ ಪ್ರತಿ ದೋಣಿಯಲ್ಲೂ ಒಂದು ಅಳತೆ ಪಟ್ಟಿ ಇದ್ದೇ ಇರುತ್ತದೆ.

ಅಂದು ಲಂಗರು ಹಾಕಿದ ಜಾಗದಲ್ಲಿ ಆಳ 20 ಮೀಟರ್ ಎಂದು ದೋಣಿಯ ಯಂತ್ರ ತೋರಿಸುತ್ತಿತ್ತು. ಎರಡು ಒಳ್ಳೆಯ ಮೀನು ಸಿಕ್ಕವು. ಮೂರನೆಯದು 26 ಸೆಂಟಿಮೀಟರ್. ಕೈ ಒದ್ದೆ ಮಾಡಿಕೊಂಡು, ಗಾಳವನ್ನು ನಾಜೂಕಾಗಿ ಬಿಡಿಸಿ, ಬ್ರೆಡ್ಡಿನಂಗಡಿಯವರು ಅದನ್ನು ನೀರಿಗೆ ಬಿಟ್ಟರು. ಮೀನು ಕೆಳಗೆ ಹೋಗಲಿಲ್ಲ. ಹೊಟ್ಟೆ ಉಬ್ಬಿಸಿಕೊಂಡು ಮಗ್ಗುಲಾಗಿ ತೇಲಿತು, ಬಾಲ ಬಡಿಯಿತು, ಒಂದಿಷ್ಟು ಮುಳುಗಿ ಮತ್ತೆ ಮೇಲಕ್ಕೆ ಬಂತು. ದೋಣಿಯ ಹಿಂದೆಯೇ ಸುತ್ತುತ್ತಿದ್ದ ಕಡಲಹಕ್ಕಿಗಳಲ್ಲಿ ಒಂದು ಬಂದು ಕೂತಿತು. ಮುಂದಿನದನ್ನು ಹೇಳಬೇಕಾಗಿಲ್ಲ. ನಿಯಮ ಪಾಲನೆಯಾಯಿತು, ಮೀನು ಸತ್ತಿತು.

“ಅದು ಯಾಕೆ ಮುಳುಗಲಿಲ್ಲ ಸಾರ್?” ಎಂದು ನನ್ನ ವಿದ್ಯಾರ್ಥಿ ಕೇಳಿದ. ಅವನಿಗೆ ಈ ಪಾಠವನ್ನು ಮಾಡಿದ್ದವನು ನಾನೇ. ಆದರೆ ತರಗತಿಯಲ್ಲಿ ಅದು ಮೀನಿನ ಪಾಠವಾಗಿರಲಿಲ್ಲ, ಬಾಯ್ಲನ ನಿಯಮವಾಗಿತ್ತು.

ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮ ಇಷ್ಟೇ: ಉಷ್ಣತೆ ಬದಲಾಗದಿದ್ದರೆ, ಒತ್ತಡ ಎಷ್ಟು ಪಟ್ಟು ಹೆಚ್ಚುತ್ತದೆಯೋ ಅನಿಲದ ಗಾತ್ರ ಅಷ್ಟು ಪಟ್ಟು ಕುಗ್ಗುತ್ತದೆ. ಸಮುದ್ರದ ಮೇಲ್ಮೈಯಲ್ಲಿ ನಮ್ಮ ಮೇಲೆ ಒಂದು ವಾತಾವರಣದ ಒತ್ತಡವಿದೆ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಸುಮಾರು ಇನ್ನೊಂದು ವಾತಾವರಣದಷ್ಟು ಒತ್ತಡ ಸೇರುತ್ತದೆ. 10 ಮೀಟರಿನಲ್ಲಿ ಎರಡು, 20ರಲ್ಲಿ ಮೂರು, 30ರಲ್ಲಿ ನಾಲ್ಕು.

ಸ್ನ್ಯಾಪರಿನಂಥ ಮೀನಿನ ಬೆನ್ನುಮೂಳೆಯ ಕೆಳಗೆ ಒಂದು ಗಾಳಿಚೀಲವಿರುತ್ತದೆ. ನೀರಿನಲ್ಲಿ ಮುಳುಗದೆ, ತೇಲದೆ, ಇದ್ದಲ್ಲೇ ನಿಲ್ಲಲು ಅದಕ್ಕೆ ಇದೇ ಆಧಾರ. ಕಾಟ್ಲಾ, ರೋಹು ಮುಂತಾದ ಕೆರೆಯ ಮೀನುಗಳಲ್ಲಿ ಈ ಚೀಲಕ್ಕೂ ಅನ್ನನಾಳಕ್ಕೂ ಒಂದು ಕೊಳವೆಯ ಸಂಪರ್ಕವಿದೆ. ಗಾಳಿ ಹೆಚ್ಚಾದರೆ ತೇಗಿದಂತೆ ಹೊರಬಿಡಬಲ್ಲವು. ಸ್ನ್ಯಾಪರಿಗೆ ಆ ಸೌಕರ್ಯವಿಲ್ಲ. ಅದರ ಚೀಲ ಪೂರ್ತಿ ಮುಚ್ಚಿದೆ. ರಕ್ತದಿಂದಲೇ ಅನಿಲ ಅದಕ್ಕೆ ತುಂಬಬೇಕು, ರಕ್ತಕ್ಕೇ ಮರಳಬೇಕು. ಇದು ಗಂಟೆಗಟ್ಟಲೆ ಹಿಡಿಯುವ ಕೆಲಸ. ಗಾಳಕ್ಕೆ ಸಿಕ್ಕ ಮೀನು ಮೇಲೆ ಬರುವುದು ಒಂದೋ ಎರಡೋ ನಿಮಿಷದಲ್ಲಿ.

ಈಗ ಲೆಕ್ಕ ಹಾಕೋಣ. ಆ 26 ಸೆಂಟಿಮೀಟರಿನ ಮೀನು ಅಂದಾಜು 300 ಗ್ರಾಂ ಎಂದಿಟ್ಟುಕೊಳ್ಳಿ. ಸಮುದ್ರದ ಮೀನುಗಳಲ್ಲಿ ಗಾಳಿಚೀಲ ದೇಹದ ಗಾತ್ರದ ಸುಮಾರು ನೂರಕ್ಕೆ ಐದು ಪಾಲು. ಅಂದರೆ 20 ಮೀಟರ್ ಆಳದಲ್ಲಿ ಅದರ ಚೀಲದಲ್ಲಿದ್ದ ಅನಿಲ 15 ಮಿಲಿಲೀಟರ್. ಅಲ್ಲಿ ಮೂರು ವಾತಾವರಣದ ಒತ್ತಡ, ಮೇಲೆ ಒಂದು. ಆದ್ದರಿಂದ ಚೀಲ ಒಡೆಯದಿದ್ದರೆ ಮೇಲೆ ಬರುವಷ್ಟರಲ್ಲಿ ಅದು 45 ಮಿಲಿಲೀಟರ್. ಹೆಚ್ಚಾದದ್ದು 30 ಮಿಲಿಲೀಟರ್. ಆರ್ಕಿಮಿಡೀಸನ ತತ್ವದ ಪ್ರಕಾರ ಮೀನನ್ನು ಮೇಲಕ್ಕೆ ತಳ್ಳುವ ಬಲ 30 ಗ್ರಾಂ ತೂಕದಷ್ಟು. ಮೂರು ಚಮಚ ನೀರಿನ ತೂಕಕ್ಕಿಂತ ಇದು ಹೆಚ್ಚಲ್ಲ. ಆದರೆ ದಣಿದ ಆ ಮರಿಗೆ ಅದನ್ನು ಮೀರಿ ಈಜಿ ಕೆಳಗೆ ಹೋಗುವ ಶಕ್ತಿ ಇಲ್ಲ. ಹಕ್ಕಿಯ ಬಾಯಿಗೂ ಮನೆಗೂ ನಡುವೆ ನಿಂತದ್ದು ಈ 30 ಗ್ರಾಂ.

ಇನ್ನೂ ಆಳದಿಂದ ಬಂದ ಮೀನುಗಳ ಪಾಡು ಇನ್ನೂ ಕಷ್ಟ. ಕಣ್ಣು ಗುಡ್ಡೆ ಹೊರಗೆ ಬಂದಿರುತ್ತದೆ. ಬಾಯಿಯಿಂದ ಗುಲಾಬಿ ಬಣ್ಣದ ಬಲೂನಿನಂಥದು ಇಣುಕುತ್ತಿರುತ್ತದೆ. ಅದೇ ಗಾಳಿಚೀಲವೆಂದು ಭಾವಿಸಿ ಅದಕ್ಕೆ ಚಾಕುವಿನಿಂದ ಚುಚ್ಚುವವರಿದ್ದಾರೆ. ಅದು ಗಾಳಿಚೀಲವಲ್ಲ, ಜಠರ. ಒಳಗೆ ಹಿಗ್ಗಿದ ಚೀಲ ಅದನ್ನು ಬಾಯಿಯ ಮೂಲಕ ಹೊರಗೆ ದಬ್ಬಿರುತ್ತದೆ. ಉಪಕಾರ ಮಾಡಲು ಹೋಗಿ ಮೀನಿನ ಹೊಟ್ಟೆಗೇ ತೂತು ಮಾಡಿದಂತಾಗುತ್ತದೆ.

ಹಾಗಾದರೆ ಮಾಡುವುದೇನು? ಉಪಾಯ ಬಾಯ್ಲನ ನಿಯಮದಲ್ಲೇ ಇದೆ. 10 ಮೀಟರಿನಿಂದ ಮೇಲ್ಮೈಗೆ ಬರುವಾಗ ಅನಿಲ ಎರಡು ಪಟ್ಟಾಗುತ್ತದೆ. 30ರಿಂದ 20ಕ್ಕೆ ಬರುವಾಗ ಹೆಚ್ಚುವುದು ಮೂರನೇ ಒಂದು ಪಾಲು ಮಾತ್ರ. ಅಂದರೆ ಕೇಡೆಲ್ಲ ಹೆಚ್ಚಾಗಿ ನಡೆಯುವುದು ಕೊನೆಯ ಹತ್ತು ಮೀಟರಿನಲ್ಲಿ. ಇದನ್ನೇ ತಿರುವಿ ಹಾಕಿ: ಮೀನನ್ನು ಹೇಗಾದರೂ ಹತ್ತು ಮೀಟರ್ ಕೆಳಕ್ಕೆ ಕಳಿಸಿದರೆ ಹಿಗ್ಗಿದ ಚೀಲ ಅರ್ಧಕ್ಕೆ ಕುಗ್ಗುತ್ತದೆ. ಮೇಲಕ್ಕೆ ತಳ್ಳುವ ಬಲ ಕಡಿಮೆಯಾಗುತ್ತದೆ. ಅಲ್ಲಿಂದ ಮುಂದೆ ಅದು ತಾನೇ ಈಜಿಕೊಂಡು ಹೋಗಬಲ್ಲದು.

ಇದಕ್ಕಾಗಿ ಆಸ್ಟ್ರೇಲಿಯಾದವರು ಬಳಸುವ ಸಾಧನ ಬಹಳ ಸರಳ. ಒಂದು ಸೀಸದ ಗುಂಡು, ಅದಕ್ಕೆ ಮುಳ್ಳಿಲ್ಲದ ಒಂದು ಕೊಕ್ಕೆ. ಕೊಕ್ಕೆಯನ್ನು ಮೀನಿನ ತುಟಿಗೆ ಸಿಕ್ಕಿಸಿ, ಕೊಕ್ಕೆಯ ಬಾಗಿದ ಕಡೆಗೆ ದಾರ ಕಟ್ಟಿ ಇಳಿಬಿಡುತ್ತಾರೆ. ಗುಂಡಿನ ಭಾರಕ್ಕೆ ಮೀನು ತಲೆಕೆಳಗಾಗಿ ತಳಕ್ಕೆ ಹೋಗುತ್ತದೆ. ತಳ ಮುಟ್ಟಿದ ಮೇಲೆ ದಾರವನ್ನು ಒಮ್ಮೆ ಜಗ್ಗಿದರೆ ಕೊಕ್ಕೆ ಕಳಚಿ ಬರುತ್ತದೆ. ನಮ್ಮ ಮರಿಯ ಲೆಕ್ಕಕ್ಕೆ 50 ಗ್ರಾಂ ಗುಂಡು ಸಾಕು. ದೊಡ್ಡ ಮೀನಿಗೆ, ಹೆಚ್ಚಿನ ಆಳಕ್ಕೆ ಒಂದೆರಡು ಕಿಲೋವೂ ಬೇಕಾದೀತು. ಅಂದು ಯಜಮಾನರ ಪೆಟ್ಟಿಗೆಯ ತಳದಲ್ಲಿ ಅಂಥದೊಂದು ಇತ್ತು. ಮುಂದೆ ಸಿಕ್ಕ ಮರಿಯನ್ನು ಅದಕ್ಕೆ ಸಿಕ್ಕಿಸಿ ಇಳಿಸಿದರು. ದಾರ ಖಾಲಿಯಾಗಿ ಮೇಲೆ ಬಂತು. ನೀರಿನ ಮೇಲೆ ಏನೂ ತೇಲಲಿಲ್ಲ. ಆಮೇಲೆ ಯಜಮಾನರು ಏನೂ ಹೇಳದೆ ಲಂಗರು ಎತ್ತಿ ದೋಣಿಯನ್ನು 8 ಮೀಟರ್ ಆಳದ ಜಾಗಕ್ಕೆ ಒಯ್ದರು. ಅಲ್ಲಿ ಸಿಕ್ಕ ಮರಿಗಳನ್ನು ಬಿಟ್ಟಾಗ ಬಾಲ ಬೀಸಿ ನೇರ ಕೆಳಗೆ ಹೋದವು. ಗೆಳೆಯರ ದೋಣಿಯಲ್ಲಿ ‘ಇಲ್ಲಿ ಬರೀ ಮರಿಗಳಿವೆ, ಬೇರೆ ಕಡೆ ಹೋಗೋಣ’ ಎಂದು ಹೇಳುವವನಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆದರೆ ಅಂಥವನೊಬ್ಬ ಇರಲೇಬೇಕು.

ಎಲ್ಲ ಮೀನಿಗೂ ಈ ತೊಂದರೆ ಇಲ್ಲ. ನಮ್ಮ ಕರಾವಳಿಯವರು ಬಾಯಿ ಚಪ್ಪರಿಸುವ ಅಂಜಲ್ ಆಸ್ಟ್ರೇಲಿಯಾದ ಉತ್ತರದ ಬೆಚ್ಚನೆಯ ನೀರಿನಲ್ಲೂ ಇದೆ, ಅದೇ ಜಾತಿ. ಅಲ್ಲಿ ಅದನ್ನು ಸ್ಪ್ಯಾನಿಷ್ ಮ್ಯಾಕೆರೆಲ್ ಎನ್ನುತ್ತಾರೆ. ಅದಕ್ಕೆ ಗಾಳಿಚೀಲವೇ ಇಲ್ಲ. ಸದಾ ಈಜುತ್ತಿರಬೇಕು, ನಿಂತರೆ ಮುಳುಗುತ್ತದೆ. ಶಾರ್ಕಿಗೂ ಗಾಳಿಚೀಲವಿಲ್ಲ, ಅದಕ್ಕೆ ಎಣ್ಣೆ ತುಂಬಿದ ಯಕೃತ್ತೇ ತೇಲುಬುರುಡೆ.

ಕೊಲ್ಲಿಯ ಆಳ 20 ಮೀಟರ್. ಇದರ ದುಪ್ಪಟ್ಟು, ಇನ್ನೂ ಹೆಚ್ಚಿನ ಆಳದಲ್ಲಿ ಗಾಳ ಹಾಕುವ ಕಡೆ ಏನಾಗುತ್ತದೆ ಎಂಬುದಕ್ಕೆ ಖಂಡದ ಇನ್ನೊಂದು ತುದಿಯನ್ನು ನೋಡಬೇಕು. ಪರ್ತ್ ನಗರವಿರುವ ವೆಸ್ಟರ್ನ್ ಆಸ್ಟ್ರೇಲಿಯಾ ರಾಜ್ಯದಲ್ಲಿ ಡ್ಯೂಫಿಶ್ ಎಂಬ ಮೀನಿದೆ. ಆ ರಾಜ್ಯದ ಕಡಲು ಬಿಟ್ಟು ಪ್ರಪಂಚದ ಬೇರೆಲ್ಲೂ ಇಲ್ಲ. 40 ವರ್ಷ ಬಾಳಬಲ್ಲದು. ಮೀನಿಗೆ 40 ವರ್ಷವೆಂದು ಗೊತ್ತಾಗುವುದು ಹೇಗೆಂದರೆ, ಅದರ ಕಿವಿಯೊಳಗಿನ ಪುಟ್ಟ ಕಲ್ಲಿನಲ್ಲಿ ಮರದ ಕಾಂಡದಲ್ಲಿರುವಂತೆ ವರ್ಷಕ್ಕೊಂದು ಉಂಗುರ ಮೂಡುತ್ತದೆ. ನಿಧಾನವಾಗಿ ಬೆಳೆಯುವ ಇಂಥ ಮೀನಿನ ಒಂದು ತಲೆಮಾರು ಹೋದರೆ ತುಂಬಿಕೊಳ್ಳಲು ದಶಕಗಳು ಬೇಕು. ಅಲ್ಲಿ ತಳದ ಮೀನು ಹಿಡಿಯುವ ದೋಣಿಗಳಲ್ಲಿ ಈ ಸೀಸದ ಗುಂಡು ಇರಲೇಬೇಕೆಂದು ನಿಯಮ ತಂದರು. ಅದೂ ಸಾಲದಾಯಿತು. 2023ರಲ್ಲಿ ಪಶ್ಚಿಮ ಕರಾವಳಿ ವಲಯದಲ್ಲಿ ಡ್ಯೂಫಿಶ್‌ಗೆ ಇದ್ದ ಕನಿಷ್ಠ ಉದ್ದದ ನಿಯಮವನ್ನೇ ತೆಗೆದುಹಾಕಿದರು. ಆಳದಿಂದ ಎತ್ತಿ ಬಿಟ್ಟ ಮರಿ ಸಾಯುವುದೇ ಹೆಚ್ಚಾದರೆ, ಬಿಡೆಂದು ಹೇಳಿ ಏನು ಫಲ? ಅದರ ಬದಲು ಹಿಡಿಯಬಹುದಾದ ಮೀನಿನ ಸಂಖ್ಯೆಯನ್ನೂ ದಿನಗಳನ್ನೂ ಬಿಗಿಗೊಳಿಸಿದರು. ಸರಕಾರದ ಕಾನೂನು ಬಾಯ್ಲನ ನಿಯಮಕ್ಕೆ ತಲೆಬಾಗಿದ ಅಪರೂಪದ ಪ್ರಸಂಗವಿದು.

ತಲೆಬಾಗುವುದು ತಡವಾದರೆ ಏನಾಗುತ್ತದೆ ಎನ್ನುವುದಕ್ಕೂ ಉದಾಹರಣೆ ಇದೆ. ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ಸ್ಪೆನ್ಸರ್ ಕೊಲ್ಲಿ, ಸೇಂಟ್ ವಿನ್ಸೆಂಟ್ ಕೊಲ್ಲಿ ಮತ್ತು ಪಶ್ಚಿಮ ಕರಾವಳಿಯಲ್ಲಿ ಸ್ನ್ಯಾಪರ್ ಹಿಡಿಯುವುದನ್ನೇ 2019ರ ನವೆಂಬರ್ 1ರಿಂದ ನಿಲ್ಲಿಸಲಾಯಿತು. ಕೊಲ್ಲಿಗಳಲ್ಲಿ ಮೀನಿನ ಸಂಖ್ಯೆ ಅಷ್ಟು ಕುಸಿದಿತ್ತು. ವೃತ್ತಿಯ ಬೆಸ್ತರಿಗೂ ಇಲ್ಲ, ಹವ್ಯಾಸಿಗಳಿಗೂ ಇಲ್ಲ. ಅಪ್ಪ ಮಗನಿಗೆ ಗಾಳ ಕಟ್ಟುವುದನ್ನು ಕಲಿಸುತ್ತಿದ್ದ ನೀರಿನಲ್ಲಿ ಆ ಮೀನಿಗೆ ಗಾಳವನ್ನೇ ಹಾಕಬಾರದೆಂದಾಯಿತು.

ಮೋಜಿಗಾಗಿ ಒಂದು ಜೀವವನ್ನು ಎಳೆದು ತರಬೇಕೆ ಎಂದು ಕೇಳುವವರು ನಿಮ್ಮಲ್ಲಿ ಇರಬಹುದು. ಕೇಳಬೇಕಾದ ಪ್ರಶ್ನೆಯೇ. ಹಿಡಿದದ್ದನ್ನು ಅವರು ತಿನ್ನುತ್ತಾರೆ, ನೆರೆಮನೆಗೂ ಕೊಡುತ್ತಾರೆ ಎಂಬುದು ಉತ್ತರದ ಅರ್ಧ ಭಾಗ. ಉಳಿದರ್ಧ ಬಿಟ್ಟ ಮೀನಿಗೆ ಸಂಬಂಧಿಸಿದ್ದು. ಬಿಡುವುದು ದಯೆ ನಿಜ. ಆದರೆ ಎಷ್ಟು ಆಳದಿಂದ ತಂದೆವು ಎಂಬ ಲೆಕ್ಕವಿಲ್ಲದ ದಯೆ ಹಕ್ಕಿಗೆ ಊಟವಾಗುತ್ತದೆ. ಅಳತೆ ಪಟ್ಟಿ ಮೀನಿನ ಉದ್ದವನ್ನು ಅಳೆಯುತ್ತದೆ, ಆಳವನ್ನು ಅಳೆಯುವುದಿಲ್ಲ.

ನಮ್ಮವರ ಮಕ್ಕಳು ಇಂದು ಮೆಲ್ಬೋರ್ನ್, ಸಿಡ್ನಿ, ಪರ್ತ್‌ಗಳಲ್ಲಿ ಅನೇಕರಿದ್ದಾರೆ. ಸಹೋದ್ಯೋಗಿ ಕರೆದನೆಂದು ಶನಿವಾರ ದೋಣಿ ಹತ್ತುವವರೂ ಇದ್ದಾರೆ. ಮುಂದಿನ ಸಲ ಫೋನಿನಲ್ಲಿ ಮಾತಾಡುವಾಗ ಲೈಫ್‌ಜಾಕೆಟ್ ಹಾಕಿಕೊಳ್ಳಲು ಹೇಳಿ. ಹವಾಮಾನ ನೋಡಿ ಹೊರಡಲು ಹೇಳಿ. ಅದರ ಜೊತೆಗೆ, ಚೀಲದಲ್ಲಿ ಒಂದು ಸೀಸದ ಗುಂಡು ಮತ್ತು ಮುಳ್ಳಿಲ್ಲದ ಕೊಕ್ಕೆ ಇಟ್ಟುಕೊಳ್ಳಲೂ ಹೇಳಿ. ಯಾಕೆಂದು ಕೇಳಿದರೆ ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಬಾಯ್ಲನ ಪುಟವನ್ನು ಇನ್ನೊಮ್ಮೆ ತೆರೆಯಲಿ.