ಸುಮ್ನಿದ್ರೆ ಸೇಫ್ ಅಂದವ್ರು ಯಾರು? (ಮಾಫಿಯಾ ಸರಣಿ, ಭಾಗ 3)

ಆನ್‌ಲೈನ್‌ನಲ್ಲಿ ಮಾಫಿಯಾ ಆಡೋಕೆ ಹೊಸದಾಗಿ ಬಂದವ್ರಿಗೆ ಎಲ್ರೂ ಹೇಳೋದು ಒಂದೇ: “ಮೊದಲೆರಡು ದಿನ ಬಾಯಿ ಮುಚ್ಕೊಂಡಿರು, ಔಟ್ ಆಗಲ್ಲ.” ಇದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ ಕಣ್ರೋ.

1986ರಲ್ಲಿ ಮಾಸ್ಕೋದಲ್ಲಿ ಡಿಮಿಟ್ರಿ ಡೇವಿಡಾಫ್ ಈ ಆಟ ಕಟ್ಟಿದಾಗಿಂದ ತಿರುಳು ಬದಲಾಗಿಲ್ಲ: ಎಲ್ಲ ಗೊತ್ತಿರೋ ಕೆಲವರು, ಏನೂ ಗೊತ್ತಿಲ್ಲದ ಹಲವರು. ಆ ಹಲವರಿಗೆ, ಅಂದ್ರೆ ಊರಿನವರಿಗೆ, ಇರೋ ಆಯುಧ ಮಾತು. ಅದನ್ನೂ ಬಿಟ್ಟುಕೊಟ್ರೆ?

ಲೆಕ್ಕ ಹಾಕಿ. 7 ಜನ, ಅದ್ರಲ್ಲಿ 2 ಮಾಫಿಯಾ. ಹಗಲು ತಪ್ಪು ವೋಟಿಗೆ ಊರಿನವನೊಬ್ಬ ಹೋದ, ರಾತ್ರಿ ಇನ್ನೊಬ್ಬ. ಉಳಿದದ್ದು 5. ಮಾರನೇ ದಿನ ಮತ್ತೊಂದು ತಪ್ಪು ವೋಟ್: 2ಕ್ಕೆ 2. ಸಮ ಆದ್ರೆ ಮಾಫಿಯಾಗೇ ಗೆಲುವು. ನೀವು “ಕಾದು ನೋಡೋಣ” ಅಂತಿದ್ದ ಎರಡು ದಿನ ಅದೇ!

ಇಲ್ಲಿ ಮುಖ ಕಾಣಲ್ಲ, ದನಿ ಕೇಳಲ್ಲ, ಹೆಸರೂ ನಿಜದ್ದಲ್ಲ. ಬರೆದ ಸಾಲು, ಹಾಕಿದ ವೋಟು, ಇಷ್ಟೇ ನಿಮ್ಮ ಗುರುತು. ಅದಕ್ಕೇ ಮೊದಲ ದಿನವೇ ಒಬ್ಬರ ಮೇಲೆ ಅನುಮಾನ ಹೇಳಿ, ಕಾರಣ ಕೊಡಿ. ಯಾರು ಯಾರಿಗೆ, ಯಾವಾಗ ವೋಟ್ ಹಾಕಿದ್ರು ಅಂತ ಲೆಡ್ಜರ್ ಥರ ಬರೆದಿಡಿ. ಕೊನೇ ಕ್ಷಣದಲ್ಲಿ ಗುಂಪಿಗೆ ಸೇರ್ಕೊಂಡವ್ರನ್ನ “ಯಾಕೆ?” ಅಂತ ಕೇಳಿ.

ಜೋರಾಗಿ ಆಡಿ ಅಂದ್ರೆ ಬೈಯಿರಿ ಅಂತಲ್ಲ. ಐಡಿ ಹಿಂದೆ ಇರೋದೂ ಮನುಷ್ಯರೇ. ಅನುಮಾನಿಸಿ, ಅವಮಾನಿಸಬೇಡಿ.

ಬೇಗ ಔಟ್ ಆದ್ರೂ ನೀವು ಬರೆದದ್ದು ಉಳಿಯುತ್ತೆ, ಊರು ಅದನ್ನ ಓದಿ ಗೆಲ್ಲಬಹುದು. ಸುಮ್ನೆ ಕೂತು ಉಳಿದವನಿಂದ ಊರಿಗೆ ಸಿಗೋದು ಸೊನ್ನೆ.